ಶನಿವಾರದೊಳಗೆ ನೆನಪಾಗಬೇಕಿದ್ದ ಪಾಸ್‌ವರ್ಡ್

ಕಂಪ್ಯೂಟರಿನ ಪರದೆಯ ಮೇಲೆ ಪಾಸ್‌ವರ್ಡ್ ಕೇಳುವ ಸಾಲು ಮೂಡಿದಾಗ ನಾನು ಮೊದಲು ಹಿಂತಿರುಗಿ ನೋಡಿದೆ. ಆ ಪ್ರಶ್ನೆ ನನಗಲ್ಲ, ನನ್ನ ಹಿಂದೆ ನಿಂತ ಯಾರಿಗೋ ಇರಬೇಕು ಅನ್ನಿಸಿತ್ತು. ಹಿಂದೆ ಯಾರೂ ಇರಲಿಲ್ಲ. ಧೂಳು ಬರಬಾರದೆಂದು ಆ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕಿತ್ತು. ಹೊಸ್ತಿಲಾಚೆ ನನ್ನ ಚಪ್ಪಲಿ ಮಾತ್ರ ಇತ್ತು. ಇನ್ನೊಮ್ಮೆ ಓದಿದೆ. ಅದೇ ಪದ, ಅದರ ಮುಂದೆ ಒಂದು ಖಾಲಿ ಜಾಗ, ಅಲ್ಲಿ ಮಿಣುಕುವ ಒಂದು ಗೆರೆ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಚನ್ನಗಿರಿಯಲ್ಲಿ ಅಡಿಕೆ ಬೆಳೆಗಾರರದೊಂದು ಸಣ್ಣ ಸಂಘವಿತ್ತು, ಈಗ ಅದಿಲ್ಲ. ರೈತರು ಒಣಗಿಸಿದ ಅಡಿಕೆಯನ್ನು ಚೀಲಗಳಲ್ಲಿ ತಂದು ಸಂಘದ ಗೋದಾಮಿಗೆ ಹಾಕುವುದು, ಸಂಘ ಅದನ್ನು ವ್ಯಾಪಾರಿಗಳಿಗೆ ಮಾರಿಕೊಡುವುದು, ಇಷ್ಟೇ ವ್ಯವಹಾರ. ಆ ವರ್ಷ ಅಧ್ಯಕ್ಷರಿಗೆ ಕಂಪ್ಯೂಟರಿನ ಹುಚ್ಚು ಹಿಡಿಯಿತು. ದಾವಣಗೆರೆಯ ಯಾವುದೋ ಆಫೀಸಿನಲ್ಲಿ ನೋಡಿಬಂದಿದ್ದರಂತೆ. ಸುತ್ತಿನ ಯಾವ ಸಂಘದಲ್ಲೂ ಇಲ್ಲದ್ದು ನಮ್ಮಲ್ಲಿರಬೇಕು ಎಂದು ತರಿಸಿಯೇ ಬಿಟ್ಟರು. ಅದನ್ನು ಮುಟ್ಟಲು ಒಬ್ಬರು ಬೇಕಲ್ಲ, ಅದಕ್ಕೆ ನಾನು.

ನಮ್ಮ ಮನೆ ನ್ಯಾಮತಿಯಲ್ಲಿ. ಅಪ್ಪನದು ಹಗ್ಗ, ಕುಡುಗೋಲು, ಪಂಪ್‌ಸೆಟ್ಟಿನ ವಾಷರ್ ಮಾರುವ ಅಂಗಡಿ. ನಾನು ದಿನವೂ ಬಸ್ಸಿನಲ್ಲಿ ಹೊನ್ನಾಳಿಗೆ ಹೋಗಿ ಓದಿ, ಅಲ್ಲೇ ಟೈಪಿಂಗ್ ಕಲಿತು ಪಾಸಾಗಿದ್ದೆ. ಸಂಘದವರು ದಾವಣಗೆರೆಯ ಕಂಪ್ಯೂಟರ್ ಅಂಗಡಿಯಲ್ಲಿ ಕೆಲವು ವಾರ ತರಬೇತಿ ಕೊಡಿಸಿ ತಾತ್ಕಾಲಿಕವಾಗಿ ಕೆಲಸಕ್ಕೆ ಇಟ್ಟುಕೊಂಡರು. ಚನ್ನಗಿರಿಯಲ್ಲಿ ಸೋದರತ್ತೆಯ ಮನೆ ಇದ್ದುದರಿಂದ ಉಳಿಯುವ ಚಿಂತೆ ಇರಲಿಲ್ಲ. ಆದರೆ ಅಪ್ಪ ಕಳಿಸುವಾಗಲೇ ಒಂದು ಮಾತು ಹೇಳಿದ್ದ: "ಕೆಲಸ ಕಾಯಂ ಆದ್ರೆ ಮುಂದಿಂದು ನೋಡಾನ. ಆಗಲಿಲ್ಲಾಂದ್ರೆ ಜಗಳೂರಿನೋರಿಗೆ ಬರಾಕೆ ಹೇಳ್ತೀನಿ."

ಜಗಳೂರಿನವರೆಂದರೆ ನನ್ನನ್ನು ಸೊಸೆ ಮಾಡಿಕೊಳ್ಳಲು ಕಾದಿದ್ದ ಒಂದು ಮನೆಯವರು. ಒಳ್ಳೆಯ ಜನವೇ. ಆದರೆ ಮನೆಯ ಸೊಸೆ ಹೊರಗೆ ಕೆಲಸಕ್ಕೆ ಹೋಗುವುದು ತಮ್ಮಲ್ಲಿ ಇಲ್ಲ ಎಂದು ಮೊದಲ ಮಾತಿಗೇ ತಿಳಿಸಿಬಿಟ್ಟಿದ್ದರು. ಅದನ್ನು ಕೇಳಿದಂದಿನಿಂದ ಜಗಳೂರು ಎಂದು ಬೋರ್ಡು ಹಾಕಿಕೊಂಡ ಬಸ್ಸು ಕಂಡರೂ ನನಗೆ ಸಿಟ್ಟು ಬರುತ್ತಿತ್ತು. ಬಸ್ಸು ಪಾಪ ಏನು ಮಾಡಿತ್ತು.

ಯಂತ್ರದ ಮುಂದೆ ನನ್ನ ಕೆಲಸ ದೊಡ್ಡದೇನಲ್ಲ. ಗೋದಾಮಿಗೆ ಬಂದ ಪ್ರತಿ ಚೀಲದ ಮೇಲೂ ಹಮಾಲರು ಒಂದು ನಂಬರು ಬರೆಯುತ್ತಿದ್ದರು. ಆ ನಂಬರು ಯಾವ ಊರಿನ ಯಾರದು, ಒಳಗಿರುವುದು ಯಾವ ನಮೂನೆಯ ಅಡಿಕೆ ಎಂಬುದನ್ನು ನಾನು ಕಂಪ್ಯೂಟರಿಗೆ ತುಂಬುತ್ತಿದ್ದೆ. ಸಂಜೆ ಅದೆಲ್ಲವನ್ನೂ ಫ್ಲಾಪಿ ಎಂಬ ತೆಳ್ಳಗಿನ ಕರಿ ತಟ್ಟೆಗಳಿಗೆ ನಕಲು ಮಾಡಿ ಕಬ್ಬಿಣದ ಬೀರುವಿನಲ್ಲಿ ಇಡಬೇಕು. ಬ್ಯಾಕಪ್ ಎಂದರೆ ಅದು. ಯಂತ್ರ ಕೈಕೊಟ್ಟರೆ ಆ ಫ್ಲಾಪಿಗಳಿಂದ ಎಲ್ಲವನ್ನೂ ತಿರುಗಿ ತುಂಬಿಕೊಳ್ಳಬಹುದು. ಸಂಘದ ಕಾರ್ಯದರ್ಶಿಗಳು ನಿವೃತ್ತಿಗೆ ಹತ್ತಿರವಾದವರು, ಹಣೆಯ ತುಂಬ ವಿಭೂತಿ ಬಳಿದುಕೊಂಡು, ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ ಬರುತ್ತಿದ್ದ ಮನುಷ್ಯ. ಬ್ಯಾಕಪ್ ಎಂದರೇನೆಂದು ನಾನು ವಿವರಿಸಿದಾಗ ಅವರು, "ಬಿತ್ತನೆ ಬೀಜ ಎತ್ತಿಟ್ಟಂಗೆ ಅನ್ನು" ಎಂದಿದ್ದರು. ಸರಿಯಾಗಿಯೇ ಹೇಳಿದ್ದರು.

ಮೊದಲು ಇದೆಲ್ಲವನ್ನೂ ಕೈಯಲ್ಲೂ ಬರೆದಿಡುತ್ತಿದ್ದರು. ದೀಪಾವಳಿ ಆದ ಮೇಲೆ ಅಧ್ಯಕ್ಷರು, "ಕಂಪ್ಯೂಟರ್ ಇಟ್ಕೊಂಡು ಕೈಯಾಗೆ ಬರೆಯಾಕೆ ನಾವೇನು ದಡ್ಡರೇನ್ರೀ?" ಎಂದು ಅದನ್ನು ನಿಲ್ಲಿಸಿದರು. ಕಾರ್ಯದರ್ಶಿಗಳಿಗೆ ಇಷ್ಟವಿರಲಿಲ್ಲ, ಆದರೆ ಅಧ್ಯಕ್ಷರ ಎದುರು ಅವರ ಬಾಯಿ ಏಳುತ್ತಿರಲಿಲ್ಲ. ಹಾಗಾಗಿ ದೀಪಾವಳಿಯಿಂದೀಚೆಗೆ ಬಂದ ಚೀಲಗಳ ಗುರುತೆಲ್ಲ ಇದ್ದದ್ದು ಆ ಪೆಟ್ಟಿಗೆಯೊಳಗೆ ಮತ್ತು ನನ್ನ ಫ್ಲಾಪಿಗಳಲ್ಲಿ.

ಶಿವರಾತ್ರಿಗೆ ಸ್ವಲ್ಪ ಮೊದಲು, ಒಂದು ಶನಿವಾರ, ಕರೆಂಟು ಹೋಗಿ ಬರುವಾಗ ಧಡ್ ಎಂದು ಬಂತು. ಆಫೀಸಿನ ಬಲ್ಬುಗಳು ಸುಟ್ಟವು, ಕಂಪ್ಯೂಟರ್ ಸತ್ತಿತು. ದಾವಣಗೆರೆಯಿಂದ ಎಂಜಿನಿಯರ್ ಬಂದು ಒಳಗಿನ ಡಿಸ್ಕನ್ನು ಬದಲಾಯಿಸಿ, ಪ್ರೋಗ್ರಾಮುಗಳನ್ನು ಹೊಸದಾಗಿ ಹಾಕಿ, "ಸೋಮವಾರ ನಿಮ್ಮ ಬ್ಯಾಕಪ್ ಫ್ಲಾಪಿಯಿಂದ ತುಂಬಿಕೊಳ್ಳಿ ಮೇಡಂ, ಏನೂ ಆಗಲ್ಲ" ಎಂದು ಬಸ್ಸಿಗೆ ಹೊತ್ತಾಯಿತೆಂದು ಓಡಿದ. ಏನೂ ಆಗಲ್ಲ ಎಂದವನು ಹೋದ, ಆದದ್ದು ನನ್ನ ಪಾಲಿಗೆ ಉಳಿಯಿತು.

ಇಡುವಾಗ ಆ ಬ್ಯಾಕಪ್ ಪ್ರೋಗ್ರಾಮು ಒಂದು ದಿನವೂ ಪಾಸ್‌ವರ್ಡ್ ಕೇಳಿದ್ದಿಲ್ಲ. ತೆಗೆಯುವ ಪ್ರಸಂಗ ಅಲ್ಲಿಯವರೆಗೆ ಬಂದೇ ಇರಲಿಲ್ಲ. ಸೋಮವಾರ ಮೊದಲ ಫ್ಲಾಪಿ ಹಾಕಿದಾಗ ಕೇಳಿತು. ಸುಮ್ಮನೆ ಎಂಟರ್ ಒತ್ತಿದೆ. ತಪ್ಪು ಎಂದು ಕೀಂಕ್ ಎಂದಿತು. ಸಂಘದ ಹೆಸರು ಹೊಡೆದೆ, ಕೀಂಕ್. ಊರಿನ ಹೆಸರು, ಕಂಪ್ಯೂಟರ್ ಅಂಗಡಿಯವನ ಹೆಸರು, ಅಧ್ಯಕ್ಷರ ಹೆಸರು. ಪ್ರತಿಸಲವೂ ಆ ಹಾಳು ಸದ್ದು ಕೋಣೆ ದಾಟಿ ಹೊರಗಿನ ಕೌಂಟರಿನವರೆಗೂ ಕೇಳುತ್ತಿತ್ತು. ಅಡಿಕೆ ತಂದ ರೈತರು ಕಿಟಕಿಯ ಸರಳಿಗೆ ಮುಖ ಹಚ್ಚಿ ಒಳಗೆ ನೋಡತೊಡಗಿದರು.

ಕಾರ್ಯದರ್ಶಿಗಳು ಬಂದರು. "ಏನಂತೈತೆ ಅದು?"

"ಪಾಸ್‌ವರ್ಡ್ ಕೇಳ್ತಾ ಐತೆ ಸರ್. ಗುರುತಿನ ಮಾತು. ಅದನ್ನ ಹೇಳಿದ್ರೇನೇ ಒಳಗಿಂದು ಕೊಡೋದಂತೆ."

"ಹೇಳು ಮತ್ತೆ."

"ನಂಗೆ ಗೊತ್ತಿಲ್ಲ ಸರ್."

ಅವರು ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಇದನ್ನ ಮುಟ್ಟೋಳು ನೀನೊಬ್ಬಳೇ ಅಲ್ಲೇನವ್ವ? ನಿಂಗೆ ಗೊತ್ತಿಲ್ಲಾಂದ್ರೆ ಇನ್ಯಾರಿಗೆ ಗೊತ್ತಿರಬೇಕು?"

ಇವತ್ತಿಗೂ ಅದು ನ್ಯಾಯವಾದ ಪ್ರಶ್ನೆಯೇ ಅನ್ನಿಸುತ್ತದೆ.

ದಾವಣಗೆರೆಗೆ ಫೋನು ಹಚ್ಚಿದೆವು. ಕಾಲ್ ಸಿಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಎಂಜಿನಿಯರ್ ನಕ್ಕ. "ನಾವು ಪಾಸ್‌ವರ್ಡ್ ಹಾಕಲ್ಲ ಮೇಡಂ. ನಿಮ್ಮಲ್ಲೇ ಯಾರೋ ಹಾಕಿದ್ದಾರೆ. ಹಾಕಿದ್ರೆ ಮಾತ್ರ ಅದು ಕೇಳೋದು." ಆಗಿನ ಫೋನುಗಳಲ್ಲಿ ಆ ಕಡೆಯವರ ಮಾತು ಪಕ್ಕದವರಿಗೂ ಕೇಳುತ್ತಿತ್ತು. ಕಾರ್ಯದರ್ಶಿಗಳಿಗೂ ಕೇಳಿತು. ಪಾಸ್‌ವರ್ಡ್ ಇಲ್ಲದೆ ತೆಗೆಯಲು ದಾರಿಯಿದೆಯೇ ಎಂದೆ. ಇಲ್ಲ ಎಂದ. "ನಿಧಾನಕ್ಕೆ ನೆನಪು ಮಾಡ್ಕೊಳ್ಳಿ" ಎಂದು ಇಟ್ಟುಬಿಟ್ಟ. ಗೊತ್ತೇ ಇಲ್ಲದ್ದನ್ನು ಹೇಗೆ ನೆನಪು ಮಾಡಿಕೊಳ್ಳುವುದು? ಅವನು ಕೈಗೆ ಸಿಕ್ಕಿದ್ದರೆ ಅವತ್ತು ಎರಡು ಬಿಡುತ್ತಿದ್ದೆ.

ಮಂಗಳವಾರ ಅಧ್ಯಕ್ಷರು ಬಂದರು. ಬಿರುಸಿನ ಮನುಷ್ಯ, ನಗುತ್ತಲೇ ಚುಚ್ಚುವವರು. ಕೋಣೆಯ ಬಾಗಿಲಲ್ಲೇ ನಿಂತು, "ಬೀಗ ತಾನಾಗೇ ಬೀಳಾಕಿಲ್ಲವ್ವ. ಯಾರೋ ಹಾಕ್ಯಾರೆ" ಎಂದರು. ನಾನು ಹಾಕಿಲ್ಲ ಎಂದೆ. "ಶನಿವಾರ ಮೀಟಿಂಗ್ ಐತೆ. ನಿನ್ನ ಕೆಲಸ ಕಾಯಂ ಮಾಡೋ ವಿಚಾರನೂ ಐತೆ. ಮಾಡ್ಲಿಲ್ಲಾಂದ್ರೆ ಇವರಿಗೆ ಪಾಠ ಕಲಿಸ್ಬೇಕು ಅಂತ ಬೀಗ ಏನಾರ ಹಾಕಿ ಇಟ್ಕೊಂಡಿದೀಯೇನು?"

ಮೈಯೆಲ್ಲ ಉರಿದುಹೋಯಿತು. ಅಂಥ ಯೋಚನೆ ಒಬ್ಬರ ತಲೆಯಲ್ಲಿ ಹುಟ್ಟಬಹುದು ಎನ್ನುವುದೇ ನನಗೆ ಹೊಳೆದಿರಲಿಲ್ಲ. ಆದರೆ ಅವರು ಬಾಯಿಬಿಟ್ಟು ಹೇಳಿದ ಮೇಲೆ ಅದು ಆಫೀಸಿನಲ್ಲೆಲ್ಲ ಹರಡಿತು. ತೂಕದ ಗುಮಾಸ್ತ ನನ್ನ ಮುಖ ನೋಡುವುದನ್ನು ಬಿಟ್ಟ. ರೈತರು, "ಆ ಹುಡುಗಿ ಬೀಗ ಹಾಕ್ಕೊಂಡು ಕುಂತಾಳಂತೆ" ಎಂದು ಮಾತಾಡಿಕೊಂಡರು. ಅವರಿಗಾದರೂ ಸಂಕಟ ಇರಲಿಲ್ಲವೇ? ಗೋದಾಮಿನಲ್ಲಿ ಅವರ ವರ್ಷದ ಬೆಳೆ ಬರೀ ನಂಬರಾಗಿ ಬಿದ್ದಿತ್ತು. ಹೋಗುವಾಗ ಅಧ್ಯಕ್ಷರು ಹೇಳಿದ್ದು ಇಷ್ಟು: ಶನಿವಾರದೊಳಗೆ ಫ್ಲಾಪಿ ತೆರೆಯಬೇಕು, ಇಲ್ಲವಾದರೆ ನಾನು ಊರಿಗೆ ಹೋಗಲು ಗಂಟು ಕಟ್ಟಬೇಕು. ಅಲ್ಲಿಯವರೆಗೆ ನನ್ನೊಬ್ಬಳನ್ನೇ ಆ ಕೋಣೆಯಲ್ಲಿ ಬಿಡಕೂಡದು, ಕಾರ್ಯದರ್ಶಿಗಳು ಜೊತೆಗೆ ಕೂರಬೇಕು.

ಅಂದಿನಿಂದ ಅವರು ಒಂದು ಕುರ್ಚಿ ಹಾಕಿಕೊಂಡು ನನ್ನ ಬೆನ್ನ ಹಿಂದೆ ಕೂರತೊಡಗಿದರು. ನಾನು ಒಂದೊಂದು ಪದ ಹೊಡೆದಾಗಲೂ ಅವರ ಉಸಿರು ಕೇಳುತ್ತಿತ್ತು. ಬೆರಳುಗಳಿಗೆ ಗಾಬರಿ ಹತ್ತಿ, ಗೊತ್ತಿದ್ದ ಅಕ್ಷರಗಳೂ ತಪ್ಪುತ್ತಿದ್ದವು.

ಪದಗಳ ಹುಡುಕಾಟ ನನ್ನ ತಲೆಯೊಳಗೆ ಹೊಕ್ಕಿತು. ದಾರಿಯಲ್ಲಿ ಕಂಡ ಬೋರ್ಡುಗಳನ್ನೆಲ್ಲ ಓದುತ್ತಿದ್ದೆ. ಬೆಳಗ್ಗೆ ಹೂವಿನವಳು ಕೂಗಿದ ಕೂಗನ್ನೂ ಒಮ್ಮೆ ಹೊಡೆದು ನೋಡಿದೆ. ದೇವರ ಹೆಸರುಗಳು, ಎಂಜಿನಿಯರನ ಊರು, ಅಡಿಕೆಯ ಬಗೆಗಳು, ಕಂಪ್ಯೂಟರಿನ ಮೈಮೇಲೆ ಅಚ್ಚಾಗಿದ್ದ ಅಕ್ಷರಗಳು. ಯಾವುದಕ್ಕೂ ಅದು ಬಾಯಿ ಬಿಡಲಿಲ್ಲ.

ಮನೆಯಲ್ಲಿ ಅತ್ತೆ ತಟ್ಟೆಗೆ ರೊಟ್ಟಿ ಹಾಕುತ್ತ, "ಚೂರು ನೆನಪು ಮಾಡ್ಕೋ ಮಗಾ. ಯಾವ ಗಳಿಗೇಲೋ ಹಾಕಿ ಮರೆತಿರ್ತೀಯ" ಎಂದಳು. ನನ್ನ ಮೇಲೆ ಪ್ರಾಣ ಇಟ್ಟಿದ್ದ ಹೆಂಗಸು. ಅವಳೂ ಹಾಗೆಂದಾಗ ನನಗೇ ನನ್ನ ಮೇಲೆ ಅನುಮಾನ ಬಂತು. ಹಾಕಿದ್ದೆನೇನೋ? ಯಾವಾಗಲೋ ಬೇಸರದಲ್ಲಿ, ಆಟಕ್ಕೆ? ಮನುಷ್ಯ ತಾನು ಮಾಡದ್ದನ್ನೂ ಮಾಡಿರಬಹುದು ಎಂದು ನಂಬಲು ನಾಲ್ಕು ಜನ ಹೇಳಿದರೆ ಸಾಕು ಎಂಬುದು ನನಗೆ ಆ ವಾರ ತಿಳಿಯಿತು. ಊಟ ಸೇರಲಿಲ್ಲ.

ಬುಧವಾರ ಅಪ್ಪ ಬಂದ. ಅಂಗಡಿಗೆ ಸಾಮಾನು ತರಲು ಹೊರಟವನು ಚನ್ನಗಿರಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಆಫೀಸಿಗೆ ಹೇಳಿಕಳಿಸಿದ್ದ. ಅವ್ವ ಕೊಟ್ಟಿದ್ದ ಶೇಂಗಾ ಚಟ್ನಿಪುಡಿಯ ಪೊಟ್ಟಣವನ್ನು ಕೈಗಿಟ್ಟು, "ಜಗಳೂರಿನೋರು ಭಾನುವಾರ ಬರ್ತೀವಿ ಅಂತ ಹೇಳಿಕಳಿಸ್ಯಾರೆ. ಏನು ಹೇಳಾನ?" ಎಂದ.

"ಶನಿವಾರ ಗೊತ್ತಾಗ್ತೈತೆ ಅಪ್ಪ."

"ಏನು ಗೊತ್ತಾಗ್ತೈತೆ? ಕಾಯಂ ಮಾಡ್ತಾರಂತೋ ಇಲ್ಲಂತೋ?"

"ಮಾಡ್ಬೋದು."

ಅಪ್ಪ ನನ್ನ ಮುಖವನ್ನೇ ನೋಡಿದ. ಅವನಿಗೆ ಏನೋ ವಾಸನೆ ಹತ್ತಿರಬೇಕು, ಆದರೆ ಕೇಳಲಿಲ್ಲ. "ಮೈ ಇಳಿದೈತೆ. ಹೊತ್ತಿಗೆ ಸರಿಯಾಗಿ ಉಣ್ಣು" ಎಂದವನೇ ಎದ್ದ. ಅವನ ಬಸ್ಸು ಹೋಗುವವರೆಗೂ ನಿಂತಿದ್ದೆ. ಒಂದು ಮನಸ್ಸು ಓಡಿಹೋಗಿ ಅದೇ ಬಸ್ಸು ಹತ್ತಿಬಿಡು ಎನ್ನುತ್ತಿತ್ತು. ಜಗಳೂರಿಗಾದರೂ ಹೋಗು, ಎಲ್ಲಿಗಾದರೂ ಹೋಗು, ಆ ಕೋಣೆಗೆ ಮಾತ್ರ ಬೇಡ. ಹೆದರಿದವಳಿಗೆ ಜೈಲಿನ ಬಾಗಿಲೂ ತವರುಮನೆಯ ಬಾಗಿಲಾಗಿ ಕಾಣುತ್ತದೆ ಎಂದು ಆಮೇಲೆ ನನ್ನನ್ನು ನಾನೇ ಬೈದುಕೊಂಡೆ.

ಗುರುವಾರ ಬೆಳಗ್ಗೆ ಎದ್ದಾಗ ಹೆದರಿಕೆಯ ಜೊತೆ ಸಿಟ್ಟೂ ಬಂದಿತ್ತು, ಅದೇ ನನ್ನನ್ನು ಉಳಿಸಿತು. ಸರಿ, ನಾನೇ ಹಾಕಿದ್ದೇನೆ ಎಂದೇ ಇಟ್ಟುಕೊಳ್ಳೋಣ. ಹಾಗಾದರೆ ಎಲ್ಲಿ ಹಾಕಿದೆ? ಈ ಪ್ರೋಗ್ರಾಮಿನಲ್ಲಿ ಪಾಸ್‌ವರ್ಡ್ ಹಾಕುವ ಜಾಗ ಯಾವುದು ಎಂದಾದರೂ ಗೊತ್ತಾಗಬೇಕಲ್ಲ. ದಿನದ ಬ್ಯಾಕಪ್ಪಿನಲ್ಲಿ ಅಂಥ ಜಾಗ ಕಂಡೇ ಇರಲಿಲ್ಲ. ಹಾಗಾದರೆ ಅದು ಮೊಟ್ಟಮೊದಲ ಸಲ ಮಾತ್ರ ಬರುವಂಥದ್ದಿರಬೇಕು. ಎಂಜಿನಿಯರ್ ಹೇಗೂ ಎಲ್ಲವನ್ನೂ ಹೊಸದಾಗಿ ಹಾಕಿಹೋಗಿದ್ದ. ಏನೂ ಇಲ್ಲದ ಹೊಸ ಫ್ಲಾಪಿಯೊಂದನ್ನು ಬೀರುವಿನಿಂದ ತೆಗೆದು, ಇವತ್ತೇ ಮೊದಲ ದಿನ ಎಂಬಂತೆ ಬ್ಯಾಕಪ್ ಶುರು ಮಾಡಿದೆ. ಈ ಸಲ ಪ್ರತಿ ಪರದೆಯನ್ನೂ ಅಕ್ಷರ ಅಕ್ಷರ ಓದುವುದು ಎಂದು ನಿಶ್ಚಯಿಸಿದ್ದೆ.

ಮೊದಲು ತಾರೀಖು ಕೇಳಿತು, ಕೊಟ್ಟೆ. ಎಂಟರ್ ಒತ್ತಿದ ಕೂಡಲೇ ಪರದೆ ಅಳಿಸಿಹೋಗಿ, ನಡುವೆ ಒಂದೇ ಒಂದು ಖಾಲಿ ಜಾಗ ಮಿಣುಕತೊಡಗಿತು. ಅದರ ಮೇಲಿನ ಇಂಗ್ಲಿಷ್ ಸಾಲನ್ನು ಓದಲು ನಾನು ಮುಂದಕ್ಕೆ ಬಾಗಿದೆ.

ಹಿಂದಿನಿಂದ ಕಾರ್ಯದರ್ಶಿಗಳು, ಆಕಳಿಸುತ್ತ, ತಾವು ಹೇಳುತ್ತಿದ್ದೇವೆ ಎಂಬ ಎಚ್ಚರವೂ ಇಲ್ಲದೆ ಹೇಳಿದರು: "ಹೊಸಾದು ಶುರು ಮಾಡ್ತಿದೀಯಲ್ಲ, ಮೊದಲು ಶ್ರೀ ಹಾಕವ್ವ."

ನನ್ನ ಬೆರಳು ಆಗಲೇ ಹೊರಟಿತ್ತು. ಒಂದಕ್ಷರ ಹೊಡೆದೂ ಆಗಿತ್ತು. ಪರದೆಯ ಮೇಲೆ ಏನೂ ಕಾಣಲಿಲ್ಲ. ಅಲ್ಲಿಗೇ ಕೈ ನಿಂತಿತು.

ನಮ್ಮ ಕಡೆ ಹಾಳೆಯ ನೆತ್ತಿಗೆ ಶ್ರೀ ಬರೆಯದೆ ಯಾರೂ ಏನನ್ನೂ ಶುರು ಮಾಡುವುದಿಲ್ಲ. ಕಿರಾಣಿ ಚೀಟಿಯಿರಲಿ, ಮದುವೆಯ ಕರೆಯೋಲೆಯಿರಲಿ, ಮೊದಲು ಶ್ರೀ, ಆಮೇಲೆ ಉಳಿದದ್ದು. ಬರೆದೆವೆಂದು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟದ್ದನ್ನು ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ? ಟೈಪಿಂಗ್ ಕಲಿಯುವಾಗಲೂ ನಾವು ಇಂಗ್ಲಿಷ್ ಹಾಳೆಯ ತಲೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲೇ ಶ್ರೀ ಹೊಡೆಯುತ್ತಿದ್ದೆವು.

ಆಗ ಕಂಪ್ಯೂಟರ್ ಬಂದ ದಿನ ಕಣ್ಣಿಗೆ ಕಟ್ಟಿತು. ಪೆಟ್ಟಿಗೆಗೆ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಕಾಯಿ ಒಡೆದಿದ್ದರು. ಆಡಳಿತ ಮಂಡಳಿಯವರೆಲ್ಲ ಬರಿಗಾಲಲ್ಲಿ ಸುತ್ತ ನಿಂತಿದ್ದರು. ಎಂಜಿನಿಯರ್ ಊಟಕ್ಕೆ ಹೋಗಿದ್ದ. ನಾನು ಮೊದಲ ಬ್ಯಾಕಪ್ ಮಾಡಿ ತೋರಿಸುತ್ತಿದ್ದೆ. ಖಾಲಿ ಜಾಗ ಬಂದಾಗ ಕಾರ್ಯದರ್ಶಿಗಳು ಶ್ರೀ ಹಾಕು ಎಂದರು. ಹಾಕಿದೆ. ಪರದೆಯಲ್ಲಿ ಕಾಣಲಿಲ್ಲ. ಎಂಟರ್ ಒತ್ತಿದರೆ ಮತ್ತೆ ಅದೇ ಖಾಲಿ ಜಾಗ ಬಂತು. "ಬೀಳ್ಲಿಲ್ಲ ನೋಡು, ಇನ್ನೊಂದ್ಸಲ ಹಾಕು" ಎಂದರು. ಇನ್ನೊಮ್ಮೆ ಹಾಕಿದೆ. ಯಂತ್ರ ಮುಂದಕ್ಕೆ ಹೋಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟು ಜನ ಗಂಡಸರ ನಡುವೆ ನಿಂತು ಆ ಇಂಗ್ಲಿಷ್ ಸಾಲನ್ನು ಓದುವ ಧೈರ್ಯ ನನಗೆಲ್ಲಿತ್ತು?

ಈಗ ಓದಿದೆ. ಪಾಸ್‌ವರ್ಡ್ ಬೇಕಿದ್ದರೆ ಇಲ್ಲಿ ಕೊಡಿ, ಬೇಡವಾದರೆ ಖಾಲಿ ಬಿಟ್ಟು ಎಂಟರ್ ಒತ್ತಿ ಎಂದಿತ್ತು. ಯಾರೂ ನೋಡಬಾರದೆಂದು ಅಕ್ಷರಗಳನ್ನು ಅದು ತೋರಿಸುತ್ತಿರಲಿಲ್ಲ. ತಪ್ಪಿಲ್ಲದೆ ಬಂತೇ ಎಂದು ಪರೀಕ್ಷಿಸಲು ಎರಡನೆಯ ಸಲ ಕೇಳುತ್ತಿತ್ತು. ಒಮ್ಮೆ ಕೊಟ್ಟ ಮೇಲೆ ಅದನ್ನೇ ಇಟ್ಟುಕೊಂಡು ದಿನವೂ ಎಲ್ಲದಕ್ಕೂ ಬೀಗ ಹಾಕುತ್ತ ಹೋಗಿತ್ತು.

ಹೊಸ ಫ್ಲಾಪಿ ತೆಗೆದು ಹಳೆಯದನ್ನು ಹಾಕಿದೆ. ಪಾಸ್‌ವರ್ಡ್ ಕೇಳಿತು. ಶ್ರೀ ಹೊಡೆದು ಎಂಟರ್ ಒತ್ತಿದೆ. ಕೀಂಕ್ ಎನ್ನಲಿಲ್ಲ. ಫ್ಲಾಪಿ ಕರಕರ ತಿರುಗತೊಡಗಿತು, ಪರದೆಯ ಮೇಲೆ ಚೀಲಗಳ ನಂಬರುಗಳು ಒಂದೊಂದೇ ಇಳಿಯತೊಡಗಿದವು. ನಾನು ಅತ್ತುಬಿಟ್ಟೆ. ಬಿಕ್ಕಿ ಬಿಕ್ಕಿ ಅತ್ತೆ, ನಾಚಿಕೆಯಾಗಲಿಲ್ಲ.

ಕಾರ್ಯದರ್ಶಿಗಳಿಗೂ ಎಲ್ಲ ಅರ್ಥವಾಗಿತ್ತು. ಅವರ ಮುಖ ಬಿಳಿಚಿಕೊಂಡಿತ್ತು. ಎದ್ದುಹೋಗಿ ಬಾಗಿಲು ಮುಂದೆ ಮಾಡಿ ಬಂದು, ತಗ್ಗಿದ ದನಿಯಲ್ಲಿ, "ಶನಿವಾರದವರೆಗೂ ಯಾರಿಗೂ ಏನೂ ಹೇಳಬ್ಯಾಡ. ಮೀಟಿಂಗಿನಾಗೆ ನಾನೇ ಮಾತಾಡ್ತೀನಿ" ಎಂದರು.

ಅಳು ನಿಂತು ಹೊಸ ಹೆದರಿಕೆ ಶುರುವಾಯಿತು. ಏನು ಮಾತಾಡುತ್ತಾರೆ? ಹೊಡೆದ ಬೆರಳು ನನ್ನದು. ಅವರು "ಹುಡುಗಿಯೇ ಹಾಕಿದ್ದು, ಕೊನೆಗೆ ಒಪ್ಪಿಕೊಂಡಳು" ಎಂದರೆ ಅದನ್ನು ಸುಳ್ಳೆನ್ನಲು ನನ್ನಿಂದ ಆಗುತ್ತಿರಲಿಲ್ಲ. ಅವರಿಗೆ ನಿವೃತ್ತಿ ಹತ್ತಿರವಿತ್ತು. ಅಧ್ಯಕ್ಷರ ಎದುರು ಒಮ್ಮೆಯೂ ಎದೆಯೆತ್ತಿ ಮಾತಾಡದ ಮನುಷ್ಯ ನನಗಾಗಿ ಮಾತಾಡುತ್ತಾರೆಂದು ಹೇಗೆ ನಂಬುವುದು? ಶುಕ್ರವಾರ ಇಡೀ ದಿನ ಅವರು ನನ್ನ ಹಿಂದೆ ಕೂತಿದ್ದರು. ಏನು ಹೇಳುತ್ತೀರಿ ಎಂದು ಕೇಳಲು ಬಾಯಿವರೆಗೆ ಬಂದದ್ದನ್ನು ಎಷ್ಟು ಸಲ ನುಂಗಿದೆನೋ.

ಶನಿವಾರ ಮಧ್ಯಾಹ್ನ ಸಭೆ ಸೇರಿತು. ನನ್ನನ್ನು ಕರೆಸಿ ಗೋಡೆಯ ಪಕ್ಕ ನಿಲ್ಲಿಸಿದರು. ಮೇಜಿನ ಮೇಲೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇದ್ದವು. ಅಧ್ಯಕ್ಷರು ಬಜ್ಜಿ ಮುರಿಯುತ್ತ, "ಏನಾಯ್ತವ್ವ, ಬೀಗ ಹಾಕ್ದೋರು ಸಿಕ್ಕರೇನು?" ಎಂದರು.

ಕಾರ್ಯದರ್ಶಿಗಳು ಎದ್ದು ನಿಂತರು. ಶಾಲಿನ ಅಂಚನ್ನು ಸರಿಮಾಡಿಕೊಂಡರು.

"ಬೀಗ ನಾನೇ ಹಾಕ್ಸಿದ್ದು" ಎಂದರು.

ಮಂಡಕ್ಕಿ ತಿನ್ನುವ ಸದ್ದು ನಿಂತಿತು.

"ಬೇಕಂತಲೇ ಹಾಕ್ಸಿದ್ದು. ಸಂಘದ ಆಸ್ತಿ ಅದು, ಕಂಡಕಂಡೋರು ತೆಗೀಬಾರದು ನೋಡ್ರಿ. ಗುರುತಿನ ಮಾತು ಶ್ರೀ ಅಂತ. ಪೂಜೆ ದಿವಸ ನಿಮ್ಮೆಲ್ಲರ ಮುಂದೇನೇ ಹಾಕ್ಸಿದೀನಿ. ಬೇಕಾದ್ರೆ ನೆನಪು ಮಾಡ್ಕೊಳ್ರಿ."

ಒಬ್ಬಿಬ್ಬರಿಗೆ ನೆನಪಾಯಿತು. ಹೌದು ಹೌದು, ಎರಡು ಸಲ ಹಾಕ್ಸಿದ್ರಿ ಎಂದರು. ಅಧ್ಯಕ್ಷರು ಹುಬ್ಬು ಗಂಟಿಕ್ಕಿ, "ಹಂಗಾದ್ರೆ ಇಷ್ಟು ದಿವಸ ಯಾಕೆ ಬಾಯಿ ಬಿಡ್ಲಿಲ್ರೀ?" ಎಂದರು.

ಕಾರ್ಯದರ್ಶಿಗಳು ನನ್ನ ಕಡೆ ನೋಡಲಿಲ್ಲ. "ಈ ಹುಡುಗಿನ ಕಾಯಂ ಮಾಡ್ಬೇಕು ಅಂತಿದೀವಿ. ಕಷ್ಟ ಬಂದಾಗ ಕೈ ಬಿಡ್ತಾಳೋ, ಸುಳ್ಳು ಹೇಳ್ತಾಳೋ ನೋಡಾನ ಅಂತ ಪರೀಕ್ಷೆ ಮಾಡ್ದೆ. ಪಾಸಾದ್ಲು. ತಾನೇ ತೆಗೆದ್ಲು."

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಎಂಥಾ ಗಟ್ಟಿ ಆಸಾಮಿ ಎಂದು ಒಬ್ಬರು ಮೇಜು ತಟ್ಟಿದರು. ಅಧ್ಯಕ್ಷರಿಗೆ ಖುಷಿಯೋ ಖುಷಿ. ಕಾಯಂ ಮಾಡುವ ವಿಚಾರ ಚಹಾ ಬರುವುದರೊಳಗೆ ಮುಗಿದಿತ್ತು. "ಪುಣ್ಯ ಮಾಡಿದೀಯ ಕಣವ್ವ, ಇಂಥ ಹಿರಿಯರು ಸಿಕ್ಕಾರೆ. ಕಾಲು ಮುಟ್ಟಿ ನಮಸ್ಕಾರ ಮಾಡು" ಎಂದರು ನನಗೆ.

ಬಗ್ಗಿ ಕಾಲು ಮುಟ್ಟಿದೆ. ನನ್ನ ಕೆಲಸ ಉಳಿದಿತ್ತು, ಜಗಳೂರು ತಪ್ಪಿತ್ತು, ಎದೆಯ ಮೇಲಿನ ಕಲ್ಲು ಇಳಿದಿತ್ತು. ಆದರೆ ನಾನು ಊಟ ಬಿಟ್ಟದ್ದು, ಅತ್ತದ್ದು, ಅಪ್ಪನ ಮುಂದೆ ತಲೆ ತಗ್ಗಿಸಿದ್ದು ಎಲ್ಲ ಅವರ ಒಂದು ಮಾತಿನಲ್ಲಿ ಪರೀಕ್ಷೆಯಾಗಿಹೋಯಿತು. ಆ ಸುಳ್ಳು ನನ್ನನ್ನು ಕಾಪಾಡಿತು ನಿಜ. ಅವರನ್ನು ಇನ್ನೂ ಚೆನ್ನಾಗಿ ಕಾಪಾಡಿತು.

ಎಲ್ಲರೂ ಹೋದ ಮೇಲೆ ಅವರು ಕಂಪ್ಯೂಟರಿನ ಕೋಣೆಗೆ ಬಂದರು. ಮೊದಲ ಸಲ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು. ನಾನು ಹೊಸ ಫ್ಲಾಪಿಗಳಿಗೆ ಮೊದಲಿನಿಂದ ಬ್ಯಾಕಪ್ ಶುರು ಮಾಡಿದ್ದೆ, ಪಾಸ್‌ವರ್ಡಿನ ಜಾಗ ಎದುರಿಗೇ ಇತ್ತು.

"ಆ ಮಾತು ಈಗ ಎಲ್ಲರಿಗೂ ಗೊತ್ತಾಗ್ಹೋಯ್ತು" ಎಂದರು. "ಬೇರೆ ಏನಾರ ಇಡು. ನಂಗೂ ಹೇಳಬ್ಯಾಡ, ನಿನ್ನೊಬ್ಬಳ ಮನಸ್ಸಿನಾಗೆ ಇರ್ಲಿ. ನಿನ್ನ ಮ್ಯಾಲೆ ನಂಗೆ ಪೂರ್ತಿ ನಂಬಿಕೆ ಐತೆ."

ಅದು ಅವರು ತಪ್ಪು ಒಪ್ಪಿಕೊಳ್ಳುವ ರೀತಿ ಎಂದು ನನಗೆ ಗೊತ್ತಾಯಿತು. ಆ ವಯಸ್ಸಿನ ಗಂಡಸು ಅಷ್ಟು ಹೇಳಿದ್ದೇ ಹೆಚ್ಚು. ಸುಮ್ಮನೆ ಹೂಂ ಅನ್ನಬಹುದಿತ್ತು. ಅನ್ನಲಾಗಲಿಲ್ಲ.

"ಬ್ಯಾಡ ಸರ್" ಎಂದೆ. "ಗೊತ್ತಿಲ್ಲ ಅಂದಿದ್ದಕ್ಕೇ ನಾಲ್ಕು ದಿವಸ ನನ್ನ ಬೆನ್ನ ಹಿಂದೆ ಕುಂತಿದ್ರಿ. ನಾಳೆ ನಂಗೊಬ್ಬಳಿಗೇ ಗೊತ್ತಿದ್ರೆ ಏನು ಮಾಡ್ತೀರಿ?"

ಅವರು ಪರದೆಯ ಕಡೆ ನೋಡಿದರು. ನಾನು ಆ ಜಾಗವನ್ನು ಖಾಲಿ ಬಿಟ್ಟು ಎಂಟರ್ ಒತ್ತಿದೆ.